ಕೆರೆ ತುಂಬಿದ ಹಯಸಿಂತ್: ಗಿಡ ಗುರುತಿಸುವುದರಿಂದ ಕೆಸರಿನ ಮೊಳಕೆ ಕೀಳುವವರೆಗೆ

ಕೆರೆಯ ಮೇಲೆ ಹಸಿರು ಹಾಸು ಕಂಡ ಕೂಡಲೇ ಜೆಸಿಬಿ ಕರೆಸುವುದು ಈಗ ಎಲ್ಲ ಕಡೆ ರೂಢಿಯಾಗಿದೆ. ಬಯಲುಸೀಮೆಯ ಕೆರೆಗಳಲ್ಲಿ ಕೆಲಸ ಮಾಡುವ ನಾವು ಮೊದಲು ಮಾಡುವುದು ಬೇರೆ. ದಡದಿಂದ ಒಂದು ಗಿಡ, ಹಾಸಿನ ನಡುವಿನಿಂದ ಒಂದು ಗಿಡ, ಕಾಲುವೆ ಬಂದು ಸೇರುವ ಬಾಯಿಯಿಂದ ಒಂದು ಗಿಡ ಬೇರುಸಮೇತ ಎತ್ತಿ ಏರಿಯ ಮೇಲೆ ಸಾಲಾಗಿ ಇಟ್ಟು ನೋಡುತ್ತೇವೆ. ಯಾವ ಕಳೆ ಎಂಬುದರ ಮೇಲೆ ಮುಂದಿನ ಕೆಲಸವೆಲ್ಲ ನಿಂತಿದೆ. ಒಂದಕ್ಕೆ ಸರಿಹೋಗುವ ಯಂತ್ರ ಇನ್ನೊಂದನ್ನು ಕೆರೆ ತುಂಬ ಬಿತ್ತಿಬಿಡುತ್ತದೆ.

ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದ ಗಿಡ. ಹೂವಿನ ಚೆಂದಕ್ಕೆ ಮರುಳಾದವರು 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ತಂದರು. ಅಲ್ಲಿ ಅದು ಎಷ್ಟು ಕಾಡಿತೆಂದರೆ 1936ರಲ್ಲಿ ಈ ಒಂದು ಗಿಡಕ್ಕಾಗಿಯೇ ಕಾಯ್ದೆ ಮಾಡಬೇಕಾಯಿತು. ನಮ್ಮಲ್ಲಿ ಪತ್ರಿಕೆಗಳೂ ಜನರೂ ಇದನ್ನು ಅಂತರಗಂಗೆ ಎನ್ನುತ್ತಾರೆ. ಎಲೆಕೋಸಿನ ಹಾಗೆ ಗುಂಡಗೆ ಅರಳಿ, ಮಕಮಲ್ಲಿನಂಥ ತಿಳಿಹಸಿರು ಎಲೆ ಬಿಡುವ ಪಿಸ್ಟಿಯಾಕ್ಕೂ ಅದೇ ಹೆಸರಿದೆ. ಅದಕ್ಕೇ ಅರ್ಜಿಯಲ್ಲಿ, ಅಂದಾಜುಪಟ್ಟಿಯಲ್ಲಿ ‘ಅಂತರಗಂಗೆ’ ಎಂದಷ್ಟೇ ಬರೆದಿದ್ದರೆ ಯಾವ ಗಿಡವೆಂದು ಕಣ್ಣಾರೆ ನೋಡದೆ ಮುಂದುವರಿಯಬಾರದು.

ಹಯಸಿಂತ್ ಎರಡು ವೇಷದಲ್ಲಿ ಸಿಗುತ್ತದೆ. ಜಾಗ ಬಿಡುವಾಗಿರುವ ಕಡೆ ಗಿಡ ಗಿಡ್ಡ. ಎಲೆಯ ತೊಟ್ಟು ನಡುವೆ ಉಬ್ಬಿ ಬುರುಡೆಯಂತಿರುತ್ತದೆ. ಅದನ್ನು ಸೀಳಿದರೆ ಒಳಗೆ ಬಿಳಿ ಸ್ಪಂಜು, ಅದರ ತುಂಬ ಗಾಳಿಯ ಗೂಡು; ಗಿಡ ತೇಲುವುದು ಅದರಿಂದಲೇ. ಒತ್ತೊತ್ತಾಗಿ ಬೆಳೆದ ಕಡೆ ಉಬ್ಬು ಕಾಣುವುದೇ ಇಲ್ಲ. ತೊಟ್ಟು ನೀಳವಾಗಿ ಎರಡು ಮೂರು ಅಡಿ ಎದ್ದು ನಿಲ್ಲುತ್ತದೆ. ಕೆರೆಗೆ ಹೊಸಬರು ಇವೆರಡನ್ನು ಬೇರೆ ಬೇರೆ ಗಿಡವೆಂದು ಬರೆದುಕೊಂಡು ಬರುವುದು ಸಾಮಾನ್ಯ. ಅನುಮಾನವಿದ್ದರೆ ಬುಡ ನೋಡಿ: ತಾಯಿಗಿಡದಿಂದ ಅಡ್ಡಕ್ಕೆ ಹೊರಟ ಬೆರಳುದಪ್ಪದ ಕುಡಿ, ಅದರ ತುದಿಯಲ್ಲಿ ಮರಿಗಿಡ, ಕೆಳಗೆ ನೇರಳೆಗಪ್ಪು ಬಣ್ಣದ, ಹಕ್ಕಿಯ ಪುಕ್ಕದಂಥ ಬೇರು. ಹೂವಿದ್ದರೆ ಮಾತೇ ಇಲ್ಲ. ನಸುನೇರಳೆ ಗೊಂಚಲು, ಮೇಲಿನ ಎಸಳಿನ ಮೇಲೆ ಹಳದಿ ಕಣ್ಣು.

ಸಾಲ್ವಿನಿಯಾ ಬೇರೆಯೇ ಜಾತಿ, ತೇಲುವ ಜರಿಗಿಡ. ಕೇರಳದಲ್ಲಿ ಆಫ್ರಿಕನ್ ಪಾಯಲ್ ಎಂದು ಕುಖ್ಯಾತವಾದದ್ದು ಇದೇ. ಎಲೆಗಳು ಜೋಡಿಜೋಡಿ, ಮಧ್ಯದಲ್ಲಿ ಮಡಚಿಕೊಂಡಿರುತ್ತವೆ. ಎಲೆಯ ಮೇಲೆ ಹನಿ ಹಾಕಿದರೆ ಒದ್ದೆಯಾಗದೆ ಮಣಿಯಾಗಿ ಉರುಳುತ್ತದೆ. ಮಸೂರದಲ್ಲಿ ನೋಡಿದರೆ ಕೂದಲುಗಳು ಮೊಟ್ಟೆ ಕಡೆಯುವ ಕಡೆಗೋಲಿನ ಆಕಾರ. ಅಜೋಲಾ ಇನ್ನೂ ಚಿಕ್ಕದು, ಬಿಸಿಲಿಗೆ ಕೆಂಪಾಗುತ್ತದೆ. ದನಕ್ಕೆ ಮೇವು ಆಗುವ ಅದನ್ನು ಕಳೆ ಎಂದು ತೆಗೆಯಬೇಕಿಲ್ಲ. ತಾವರೆ, ನೈದಿಲೆ ಕೆಸರಿನಲ್ಲಿ ಬೇರೂರಿದವು, ಅವುಗಳ ತಂಟೆಗೆ ಹೋಗಬೇಡಿ.

ನಿಜವಾಗಿ ಎಚ್ಚರ ಬೇಕಾದದ್ದು ಅಲಿಗೇಟರ್ ವೀಡ್ ವಿಷಯದಲ್ಲಿ. ಹೊನಗೊನ್ನೆ ಸೊಪ್ಪಿನ ಹತ್ತಿರದ ನೆಂಟ, ನೋಡಲಿಕ್ಕೂ ಹಾಗೇ. ಹೊನಗೊನ್ನೆಯ ಬಿಳಿ ಹೂ ಎಲೆಯ ಕಂಕುಳಲ್ಲೇ ಅಂಟಿ ಕೂತಿರುತ್ತದೆ. ಅಲಿಗೇಟರ್ ವೀಡಿನ ಹೂವಿಗೆ ಒಂದೆರಡು ಅಂಗುಲದ ಪ್ರತ್ಯೇಕ ಕಾಲು ಇರುತ್ತದೆ, ಬಲಿತ ಕಾಂಡ ಮುರಿದರೆ ಒಳಗೆ ಟೊಳ್ಳು. ಕೊಳಚೆ ಸೇರುವ ಕೆರೆಗಳ ಅಂಚಿನಲ್ಲಿ ಸೊಪ್ಪು ಕೊಯ್ಯುವ ಹೆಂಗಸರಿಗೆ “ಅಕ್ಕ, ಹೂವಿನ ಕಾಲು ನೋಡಿ ಕೊಯ್ಯಿರಿ, ಇನ್ನೂ ಒಳ್ಳೆಯದೆಂದರೆ ಈ ಕೆರೆಯ ಸೊಪ್ಪೇ ಬೇಡ” ಎಂದು ಹೇಳಿಯೇ ಮುಂದೆ ಹೋಗಬೇಕು. ಕೊಳಚೆಯಲ್ಲಿರುವ ಭಾರಲೋಹಗಳನ್ನು ಈ ಗಿಡಗಳು ಹೀರಿಕೊಳ್ಳುತ್ತವೆ. ನಿಯಂತ್ರಣದ ದೃಷ್ಟಿಯಿಂದ ಅಲಿಗೇಟರ್ ವೀಡಿನ ತೊಂದರೆ ಇನ್ನೊಂದು: ಒಂದು ಗೆಣ್ಣು ಉಳಿದರೂ ಹೊಸ ಗಿಡ. ಕತ್ತರಿಸುವ ಯಂತ್ರ ಇದರ ಮೇಲೆ ಓಡಿದರೆ ಒಂದು ಬಳ್ಳಿ ನೂರು ಬಳ್ಳಿಯಾಗುತ್ತದೆ. ಹಯಸಿಂತ್ ನಡುವೆ ಇದು ಹೆಣೆದುಕೊಂಡಿದ್ದರೆ ಆ ಭಾಗಕ್ಕೆ ಯಂತ್ರ ಇಳಿಸದೆ, ಕೈಯಿಂದ ಸುತ್ತಿ ಎತ್ತಿ, ತುಂಡುಗಳನ್ನು ಬಲೆಯಲ್ಲಿ ಬಳಿದು ತೆಗೆಯಬೇಕು.

ಗಿಡ ಗುರುತಾದ ಮೇಲೆ ಬೇರು ಅಳೆಯುತ್ತೇವೆ. ಇದಕ್ಕೆ ಒಂದು ಅಡಿಪಟ್ಟಿ ಸಾಕು, ತಿಳಿಸುವುದು ಬಹಳ. ನೀರಿನಲ್ಲಿ ಸಾರಜನಕ, ರಂಜಕ ಕಡಿಮೆಯಿದ್ದರೆ ಹಯಸಿಂತ್ ಬೇರು ಉದ್ದ ಬಿಟ್ಟು ಹುಡುಕಾಡುತ್ತದೆ. ಕೊಳಚೆ ಧಾರಾಳವಾಗಿದ್ದರೆ ಬೇರು ಗಿಡ್ಡವಾಗಿಯೇ ಉಳಿದು ಎಲೆ ಎತ್ತರಕ್ಕೆ ಹೋಗುತ್ತದೆ. ಕಾಲುವೆ ಬಾಯಿಯ ಗಿಡದ ಬೇರು ಒಂದು ಗೇಣೂ ಇಲ್ಲ, ಎಲೆ ಮಾತ್ರ ತೊಡೆಯೆತ್ತರ, ಆಚೆ ದಡದಲ್ಲಿ ಇದರ ತದ್ವಿರುದ್ಧ ಎಂದಾದರೆ ಕೊಳಚೆ ಯಾವ ಬಾಯಿಂದ ಬರುತ್ತಿದೆ ಎಂಬುದಕ್ಕೆ ಸಾಕ್ಷಿ ಕೈಯಲ್ಲೇ ಇದೆ. ಆ ಕಾಲುವೆ ಹಿಡಿದು ಮೇಲಕ್ಕೆ ನಡೆದು ಶೌಚಗುಂಡಿಯ ಪೈಪು, ಟ್ಯಾಂಕರ್ ಸುರಿಯುವ ಜಾಗ, ಕೋಳಿಫಾರಂ ಗೊಬ್ಬರದ ರಾಶಿ, ಕಸಾಯಿಖಾನೆ ನೀರು ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಬೇಕು. ಈ ನಡಿಗೆ ಮಾಡದೆ ಗಿಡ ತೆಗೆಯಲು ಇಳಿಯುವವರ ಬಗ್ಗೆ ನಮಗೆ ನಿಜಕ್ಕೂ ಬೇಸರವಿದೆ. ಪ್ರತಿ ವರ್ಷ ಅದೇ ಕೆರೆಗೆ ಅದೇ ಬಿಲ್ಲು ಬರೆಯುವುದು ಅಲ್ಲಿಂದಲೇ ಶುರುವಾಗುತ್ತದೆ.

ತೂಕದ ಲೆಕ್ಕಕ್ಕೆ ಪಿವಿಸಿ ಪೈಪಿನಿಂದ ಒಂದು ಮೀಟರ್ ಚೌಕ ಮಾಡಿಕೊಳ್ಳಿ. ತೆಪ್ಪದಲ್ಲಿ ಹೋಗಿ ಐದಾರು ಕಡೆ ಅದನ್ನು ಹಾಸಿನ ಮೇಲಿಟ್ಟು, ಒಳಗಿನ ಗಿಡವನ್ನೆಲ್ಲ ಕುಡುಗೋಲಿನಿಂದ ಬಿಡಿಸಿ ಮಂಕರಿಗೆ ತುಂಬಿ, ಐದು ನಿಮಿಷ ನೀರು ಸೋರಲು ಬಿಟ್ಟು ತೂಗಿ. ಚದರ ಮೀಟರಿಗೆ ಸರಾಸರಿ 25 ಕೆಜಿ ಬಂತೆನ್ನಿ, ಎಕರೆಗೆ 4,047 ಚದರ ಮೀಟರ್, ಅಂದರೆ ನೂರು ಟನ್. ಹತ್ತೆಕರೆ ಕೆರೆಯ ಅರ್ಧ ಮುಚ್ಚಿದ್ದರೆ ಐನೂರು ಟನ್. ಟ್ರಾಕ್ಟರ್ ಲೋಡು ಲೆಕ್ಕ ಹಾಕುವಾಗ ಎಡವುವುದು ಇಲ್ಲೇ: ಗಿಡ ಉಬ್ಬಿಕೊಂಡು ಕೂರುವುದರಿಂದ ಟ್ರೈಲರ್ ತುಂಬಿದಂತೆ ಕಂಡರೂ ತೂಕ ಕಡಿಮೆಯೇ. ಗಿಡದಲ್ಲಿ ಶೇ. 95ರಷ್ಟು ನೀರೇ. ದಡದಲ್ಲಿ ತೆಳ್ಳಗೆ ಹರಡಿ ಮೂರ್ನಾಲ್ಕು ದಿನ ಬಾಡಿಸಿ ಸಾಗಿಸಿದರೆ ಲೋಡುಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಹಸಿಗಿಡ ಸಾಗಿಸುವುದೆಂದರೆ ಡೀಸೆಲ್ ಸುಟ್ಟು ಕೆರೆಯ ನೀರು ಹೊತ್ತಂತೆ.

ಇದೇ ಲೆಕ್ಕದ ಇನ್ನೊಂದು ಮುಖ ಪೋಷಕಾಂಶ. ಎಕರೆಯ ನೂರು ಟನ್ ಒಣಗಿದರೆ ಐದು ಟನ್ನಿನಷ್ಟು ಉಳಿಯುತ್ತದೆ. ಒಣತೂಕದ ಶೇ. 2 ಸಾರಜನಕ ಎಂದು ಹಿಡಿದರೂ ನೂರು ಕೆಜಿ, ಅಂದರೆ 45 ಕೆಜಿಯ ಐದು ಮೂಟೆ ಯೂರಿಯಾದಲ್ಲಿರುವಷ್ಟು. ಗಿಡ ತೆಗೆದು ಹೊರಗೆ ಸಾಗಿಸಿದರೆ ಇಷ್ಟು ಗೊಬ್ಬರ ಕೆರೆಯಿಂದ ಹೊರಹೋಯಿತು. ಕೆರೆಯಂಗಳದಲ್ಲೇ ರಾಶಿ ಹಾಕಿ ಬಿಟ್ಟರೆ ಮೊದಲ ಮಳೆಗೆ ಅಷ್ಟೂ ವಾಪಸ್.

ಅನುಮತಿಯ ವಿಷಯದಲ್ಲಿ ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರುಣ್ಣುವ ಜಮೀನು ಎಷ್ಟೆಂದು ನೋಡಬೇಕು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯತಿ ವ್ಯವಸ್ಥೆಯದು. ಮೀನಿನ ಗುತ್ತಿಗೆ ಹಿಡಿದವರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ, ಕೆಲಸದ ವೇಳಾಪಟ್ಟಿ ಅವರ ಮೀನು ಹಿಡಿಯುವ ದಿನಗಳಿಗೆ ಹೊಂದಬೇಕು. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ: ನೀರು ಇಳಿದಿರುತ್ತದೆ, ಬಿಸಿಲು ಗಿಡ ಬಾಡಿಸುತ್ತದೆ, ಕೋಡಿ ಹರಿಯುವುದಿಲ್ಲ. ಸರಣಿ ಕೆರೆಗಳಾದರೆ ಮೇಲಿನ ಕೆರೆ ಮೊದಲು. ಕೆಳಗಿನದನ್ನು ಚೊಕ್ಕ ಮಾಡಿ ಮೇಲಿನದನ್ನು ಬಿಟ್ಟರೆ ಮಳೆಗಾಲದ ಮೊದಲ ಕೋಡಿಗೆ ಗಿಡಗಳು ಇಳಿದು ಬರುತ್ತವೆ.

ಗಾಳಿ ನಿಮ್ಮ ಕೂಲಿಯಾಳು ಎಂದೇ ತಿಳಿಯಿರಿ. ಬೆಂಗಳೂರು ಸುತ್ತಿನ ಬಯಲಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಜನವರಿ, ಫೆಬ್ರವರಿಯಲ್ಲಿ ಬಿಡಿಗಿಡಗಳು ತಾವಾಗಿ ಪಡುವಣ ದಡಕ್ಕೆ ಸೇರುತ್ತವೆ. ಎತ್ತುವ ಜಾಗ, ಯಂತ್ರ ನಿಲ್ಲುವ ಗಟ್ಟಿನೆಲ, ಒಣಗಿಸುವ ಬಯಲು ಎಲ್ಲ ಆ ಕಡೆಗೇ ಇರಲಿ. ಗಾಳಿಗೆ ಎದುರಾಗಿ ಹಾಸು ಎಳೆಯಲು ಹೋದರೆ ಹಗ್ಗ ಹರಿಯುತ್ತದೆ, ಜನ ಬಸವಳಿಯುತ್ತಾರೆ, ಗಿಡ ಮಾತ್ರ ಅಲ್ಲೇ ಇರುತ್ತದೆ.

ಕೆರೆಯನ್ನು ಭಾಗ ಮಾಡಲು ತೇಲುಬೇಲಿ ಬೇಕು. ಎರಡೂ ತುದಿ ಮುಚ್ಚಿದ ನಾಲ್ಕಂಗುಲದ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಅಥವಾ ಕಟ್ಟು ಬಿದಿರು, ಅದರಿಂದ ನೀರೊಳಗೆ ಒಂದೂವರೆ ಅಡಿ ಇಳಿಬಿದ್ದ ನೈಲಾನ್ ಬಲೆ, ಬಲೆಯ ಬುಡಕ್ಕೆ ಅಡಿಗೊಂದು ಕಲ್ಲು ಅಥವಾ ಸರಪಳಿ. ಬಲೆ ಇಳಿಬಿಡದ ಬರೀ ಹಗ್ಗದ ಬೇಲಿಯಡಿ ಮರಿಗಿಡಗಳು ನುಸುಳುತ್ತವೆ. ಒಂದು ಭಾಗ ಪೂರ್ತಿ ಚೊಕ್ಕವಾದ ಮೇಲೆಯೇ ಬೇಲಿಯನ್ನು ಮುಂದಕ್ಕೆ ಸರಿಸುವುದು. ಇಡೀ ಕೆರೆಯನ್ನು ಒಂದೇ ವಾರದಲ್ಲಿ ಬೋಳು ಮಾಡುವುದನ್ನು ನಾವು ಒಪ್ಪುವುದಿಲ್ಲ. ನೆರಳು ಹಠಾತ್ತನೆ ಹೋಗಿ, ಪೋಷಕಾಂಶ ಹಾಗೇ ಉಳಿದ ನೀರಿಗೆ ಬಿಸಿಲು ಬಿದ್ದರೆ ನೀಲಿಹಸಿರು ಪಾಚಿ ಉಕ್ಕುತ್ತದೆ. ಮೀನಿಗೆ ಅದು ಹಯಸಿಂತ್‌ಗಿಂತ ಕೇಡು.

ಕೋಡಿ ಮತ್ತು ತೂಬಿನ ಮಾತು ಪ್ರತ್ಯೇಕವಾಗಿಯೇ ಹೇಳಬೇಕು. ಗಿಡ ಕೆಳಗೆ ಹೋಗದಿರಲೆಂದು ಕೋಡಿಯ ಮೇಲೆಯೇ ಬಲೆ ಕಟ್ಟುವವರಿದ್ದಾರೆ. ದಯವಿಟ್ಟು ಕಟ್ಟಬೇಡಿ. ಜೋರು ಮಳೆಯಲ್ಲಿ ಟನ್ನುಗಟ್ಟಲೆ ಹಾಸು ಬಂದು ಆ ಬಲೆಗೆ ಒರಗಿದರೆ ನೀರಿಗೆ ದಾರಿಯಿಲ್ಲ, ಮಟ್ಟ ಹೆಚ್ಚಿ ಏರಿಯನ್ನೇ ದಾಟುತ್ತದೆ. ಮಣ್ಣಿನ ಏರಿ ಮೇಲಿನಿಂದ ಹರಿಯುವ ನೀರನ್ನು ತಡೆಯುವುದಿಲ್ಲ, ಕೊರೆದು ಒಡೆಯುತ್ತದೆ. ಬೇಲಿ ಏನಿದ್ದರೂ ಕೋಡಿಯಿಂದ ಸಾಕಷ್ಟು ಹಿಂದೆ, ಓರೆಯಾಗಿ ಇರಬೇಕು, ಗಿಡ ಪಕ್ಕದ ದಡಕ್ಕೆ ಜಾರುವಂತೆ. ಒಂದು ತುದಿಯ ಹಗ್ಗವನ್ನು ಒಂದೇ ಏಟಿಗೆ ಕಡಿದುಬಿಡುವಂತೆ ಕಟ್ಟಿರಬೇಕು, ಮಳೆಗಾಲದಲ್ಲಿ ಆ ಹಗ್ಗ ಎಲ್ಲಿದೆಯೆಂದು ಕೆರೆಯ ನೀರು ಬಿಡುವ ನೀರುಗಂಟಿಗೆ ಗೊತ್ತಿರಬೇಕು. ತೂಬಿಗೆ ಕಬ್ಬಿಣದ ಜಾಲರಿ ಗೂಡು ಸಾಕು, ಆದರೆ ವಾರಕ್ಕೊಮ್ಮೆ ಬೇರು ಬಿಡಿಸಬೇಕು.

ಎತ್ತುವ ಕೆಲಸಕ್ಕೆ ಹರಿಗೋಲು ಅಥವಾ ಚಪ್ಪಟೆ ತಳದ ದೋಣಿ, ಉದ್ದ ದೋಟಿಗೆ ಕಟ್ಟಿದ ಕೊಕ್ಕೆ, ಹಲ್ಲುಕುಡುಗೋಲು, ದಪ್ಪ ನೈಲಾನ್ ಹಗ್ಗ. ಹಾಸಿನ ಅಂಚಿನಿಂದ ಮಂಚದಷ್ಟು ಅಗಲದ ತುಂಡುಗಳಾಗಿ ಕೊಯ್ದು, ಹಗ್ಗ ಸುತ್ತಿ ದಡಕ್ಕೆ ಸಾಗಿಸುವುದು. ದಡದಲ್ಲಿ ಉದ್ದ ಕೈಯ (ಲಾಂಗ್ ಬೂಮ್) ಹಿಟಾಚಿ ಇದ್ದರೆ ಕೆಲಸ ಬೇಗ. ಮಾಮೂಲಿ ಜೆಸಿಬಿಯ ಕೈ ಐದಾರು ಮೀಟರ್ ಆಚೆಗೆ ಎಟುಕುವುದಿಲ್ಲ. ಬಕೆಟ್ಟಿಗೆ ತೂತುಗಳಿರಬೇಕು ಅಥವಾ ಹಲ್ಲುಗಳ ಪಂಜ ಹಾಕಿಸಬೇಕು, ಇಲ್ಲವಾದರೆ ಪ್ರತಿ ಬಾಚಿಗೂ ಅರ್ಧ ಬಕೆಟ್ ನೀರು, ಕೆಸರು. ಹಳೆಯ ಏರಿಯ ಮೇಲೆ ಭಾರಿ ಯಂತ್ರ ಓಡಿಸಿ ಒಳಮೈಯ ಕಲ್ಲುಕಟ್ಟು ಸಡಿಲಿಸಿದರೆ ಗಿಡ ತೆಗೆದ ಖುಷಿ ಮಳೆಗಾಲದವರೆಗೆ ಮಾತ್ರ.

ಹಾಸಿನ ಮೇಲೆ ಕಾಲಿಡಬಾರದು. ನೆಲದಂತೆ ಕಾಣುತ್ತದೆ, ಹಕ್ಕಿ ನಡೆಯುತ್ತದೆ, ಮನುಷ್ಯ ನಿಂತರೆ ಸೀಳಿಕೊಂಡು ಕೆಳಗಿಳಿಸಿ ಮೇಲೆ ಮುಚ್ಚಿಕೊಳ್ಳುತ್ತದೆ; ಈಜು ಬಲ್ಲವರಿಗೂ ಬೇರುಗಳ ನಡುವೆ ಕೈಕಾಲು ಆಡುವುದಿಲ್ಲ. ಹರಿಗೋಲಿನಲ್ಲಿರುವವರಿಗೆ ಲೈಫ್ ಜಾಕೆಟ್ ಕಡ್ಡಾಯ, ಗಮ್‌ಬೂಟ್ ನಿಷಿದ್ಧ, ಏಕೆಂದರೆ ನೀರು ತುಂಬಿದ ಬೂಟು ಕೆಳಕ್ಕೆಳೆಯುತ್ತದೆ. ಬೂಟು ದಡದವರಿಗೆ, ಅಲ್ಲಿ ಒಡೆದ ಗಾಜು, ಸಿರಿಂಜು, ಹಾವು ಎಲ್ಲ ಇರುತ್ತದೆ. ಕೈಕಾಲಿನಲ್ಲಿ ಗಾಯವಿದ್ದವರನ್ನು ನೀರಿಗಿಳಿಸಬೇಡಿ. ಕೆಲಸದ ನಂತರದ ವಾರಗಳಲ್ಲಿ ಜ್ವರ, ಮೀನಖಂಡ ನೋವು ಬಂದರೆ ಕೆರೆನೀರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಲೇಬೇಕು, ಇಲಿಜ್ವರವಿರಬಹುದು. ಹಾಸಿನಡಿಯ ನೀರಿನಲ್ಲಿ ಆಮ್ಲಜನಕ ಕಡಿಮೆ, ತಳದ ಕಪ್ಪು ಕೆಸರು ಕದಡಿದರೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಬೆಳಗಿನ ಜಾವ ಮೀನುಗಳು ಬಾಯಿ ಮೇಲೆತ್ತಿ ಉಸಿರಾಡುತ್ತಿದ್ದರೆ ಆ ದಿನ ಆ ಭಾಗದಲ್ಲಿ ಕೆಲಸ ಬೇಡ.

ರಾಶಿ ಹಾಕುವ ಜಾಗ ಕೆರೆ ತುಂಬಿದಾಗಿನ ನೀರಿನ ಗೆರೆಯಿಂದ ಆಚೆ ಇರಬೇಕು, ಸೋರುವ ರಸ ಕೆರೆಗೆ ಇಳಿಯದಂತೆ ಸಣ್ಣ ಬದು ಹಾಕಿರಬೇಕು. ಕಾಂಪೋಸ್ಟಿಗೆ ಬಾಡಿದ ಗಿಡವನ್ನು ಎರಡು ಮೂರು ಅಂಗುಲದ ತುಂಡು ಮಾಡಿ, ಮುಕ್ಕಾಲು ಅಡಿ ಗಿಡ, ಮೇಲೆ ಒಣಹುಲ್ಲು ಅಥವಾ ತರಗು, ಅದರ ಮೇಲೆ ಸಗಣಿ ಬಗ್ಗಡ, ಹೀಗೆ ಎದೆಮಟ್ಟಕ್ಕೆ ಪದರ ಹಾಕುವುದು. ಹಸಿಗಿಡವನ್ನೇ ಒಟ್ಟಿದರೆ ಗಾಳಿಯಾಡದೆ ಲೋಳೆಯಾಗಿ ನಾರುತ್ತದೆ. ಹಿಡಿ ಹಿಂಡಿದರೆ ಬೆರಳ ಸಂದಿಯಲ್ಲಿ ತೇವ ಕಾಣಬೇಕು, ಹನಿ ಬೀಳಬಾರದು. ಹದಿನೈದು ದಿನಕ್ಕೊಮ್ಮೆ ಮಗುಚಿ ಹೊರಗಿನದನ್ನು ಒಳಕ್ಕೆ ಹಾಕಬೇಕು, ಏಕೆಂದರೆ ಬೀಜ ಸಾಯುವುದು ರಾಶಿಯ ನಡುವಿನ ಬಿಸಿಗೆ ಮಾತ್ರ. ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಕಾರ್ಖಾನೆ ನೀರು ಸೇರುವ ಕೆರೆಯ ಗಿಡವಾದರೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಪರೀಕ್ಷೆ ಮಾಡಿಸದೆ ತರಕಾರಿ ಹೊಲಕ್ಕೆ ಹಾಕಬಾರದು.

ಕಳೆನಾಶಕ ಸಿಂಪಡಿಸಿ ಎಂಬ ಸಲಹೆ ಎಲ್ಲ ಕೆರೆಯಲ್ಲೂ ಕೇಳುತ್ತೇವೆ. ಗಿಡ ಸಾಯುತ್ತದೆ, ನಿಜ. ಸತ್ತ ನೂರು ಟನ್ ಅಲ್ಲೇ ಮುಳುಗಿ ಕೊಳೆಯುತ್ತದೆ, ಆಮ್ಲಜನಕ ಮುಗಿದು ಮೀನು ಸಾಯುತ್ತವೆ, ಐದು ಮೂಟೆ ಯೂರಿಯಾದ ಲೆಕ್ಕ ಕೆರೆಯಲ್ಲೇ ಉಳಿಯುತ್ತದೆ. 2,4-ಡಿ ಎಂಬ ಕಳೆನಾಶಕದ ತುಂತುರು ಗಾಳಿಯಲ್ಲಿ ತೇಲಿ ಪಕ್ಕದ ದ್ರಾಕ್ಷಿ, ಟೊಮೆಟೊ, ಹತ್ತಿಯ ಎಲೆ ಮುರುಟಿಸುತ್ತದೆ. ಇನ್ನೊಂದು ಕಳೆನಾಶಕ ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರಲ್ಲೇ ಪರವಾನಗಿಯುಳ್ಳ ಕೀಟನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸಿದೆ. ದನ ಕುಡಿಯುವ, ಮೀನು ಸಾಕುವ ಕೆರೆಗೆ ಈ ದಾರಿ ಬೇಡವೆಂಬುದು ನಮ್ಮ ಖಚಿತ ಅಭಿಪ್ರಾಯ.

ಹುಳುವಿನ ದಾರಿ ಇದಕ್ಕಿಂತ ಎಷ್ಟೋ ಮೇಲು, ಮತ್ತು ಅದರ ಬೇರು ನಮ್ಮಲ್ಲೇ ಇದೆ. ನಿಯೋಕೆಟಿನಾ ಎಂಬ ಮೂತಿಹುಳುಗಳ ಎರಡು ಜಾತಿಗಳನ್ನು 1980ರ ದಶಕದ ಮೊದಲಲ್ಲಿ ತರಿಸಿ, ಹಯಸಿಂತ್ ಬಿಟ್ಟು ಬೇರೆ ಬೆಳೆ ತಿನ್ನುವುದಿಲ್ಲವೆಂದು ಪರೀಕ್ಷಿಸಿ ಬೆಂಗಳೂರಿನ ಕೆರೆಗಳಿಗೆ ಬಿಟ್ಟರು. ಸಾಲ್ವಿನಿಯಾದ ಹುಳು ಸಿರ್ಟೋಬೇಗಸ್ ಅನ್ನು 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆಕೊಳಕ್ಕೆ ಬಿಟ್ಟಾಗ 11 ತಿಂಗಳಲ್ಲಿ ಸಾಲ್ವಿನಿಯಾ ಕುಸಿಯಿತು. ಹಯಸಿಂತ್‌ಗೆ ಅಷ್ಟು ಬೇಗ ಆಗುವುದಿಲ್ಲ, ಕೆಲವು ವರ್ಷಗಳ ತಾಳ್ಮೆ ಬೇಕು.

ನಿಮ್ಮ ಕೆರೆಯಲ್ಲಿ ನಿಯೋಕೆಟಿನಾ ಹುಳು ಆಗಲೇ ಇರಬಹುದು, ಗಿಡ ಎತ್ತುವ ಮೊದಲೇ ನೋಡಿ. ಎಲೆಯ ಮೇಲೆ ಎಳ್ಳುಕಾಳಿನಷ್ಟು ಅಗಲದ, ಹಸಿರು ಕೆರೆದು ತೆಗೆದಂಥ ಕಂದು ಮಚ್ಚೆಗಳಿದ್ದರೆ ಬಲಿತ ಹುಳುವಿನ ಗುರುತು. ತೊಟ್ಟು ಸೀಳಿದರೆ ಬಿಳಿಯ, ಕಾಲಿಲ್ಲದ ಮರಿ ಸುರಂಗ ಕೊರೆಯುತ್ತ ಬುಡದ ಸುಳಿಯತ್ತ ಹೋಗಿರುತ್ತದೆ. ನಾಲ್ಕೈದು ಮಿಲಿಮೀಟರಿನ ಬಲಿತ ಹುಳು ಹಗಲು ಸುಳಿಯಲ್ಲಿ ಅಡಗಿರುವುದರಿಂದ ಗಿಡಗಳನ್ನು ಜಾಲರಿಯಡಿ ನೀರಿನಲ್ಲಿ ಮುಳುಗಿಸಿಡಿ, ಹುಳುಗಳು ತಾವೇ ಮೇಲೆ ಬರುತ್ತವೆ. ಇಂಥ ಗಿಡ ಸಿಕ್ಕ ಭಾಗವನ್ನು ಬೇಲಿಯೊಳಗೆ ಕಡೆಗೆ ಉಳಿಸಿಕೊಳ್ಳಿ. ಅಲ್ಲಿನ ಮಚ್ಚೆಬಿದ್ದ ಗಿಡಗಳನ್ನೇ ಯಂತ್ರ ಎಟುಕದ ಜೌಗುಮೂಲೆಗಳಿಗೆ ಹಾಕಬಹುದು. ಹುಳು ಇಲ್ಲದಿದ್ದರೆ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ವಿಚಾರಿಸಿ. ಹುಳು ಸೋಲುವ ಜಾಗಗಳೂ ಇವೆ. ಮರಿ ಬಲಿತ ಹುಳುವಾಗುವ ಮುನ್ನ ಸೇರುವ ಕೋಶ ನೀರಿನಡಿ ಜೀವಂತ ಬೇರಿಗೆ ಅಂಟಿರುವುದರಿಂದ ಬೇಸಿಗೆಯಲ್ಲಿ ಪೂರ್ತಿ ಬತ್ತುವ ಕೆರೆಯಲ್ಲಿ ಸಂತತಿ ಉಳಿಯುವುದಿಲ್ಲ. ದಟ್ಟ ಕೊಳಚೆಯ ಕೆರೆಯಲ್ಲಿ ಹುಳು ತಿನ್ನುವುದಕ್ಕಿಂತ ಬೇಗ ಗಿಡ ಬೆಳೆಯುತ್ತದೆ.

ಇನ್ನು ಕಾವಲು. ಒಳ್ಳೆಯ ಬಿಸಿಲು, ಕೊಳಚೆ ಎರಡೂ ಇದ್ದರೆ ಹಯಸಿಂತ್ ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ. ಜೊಂಡಿನ ನಡುವೆ ಬಿಟ್ಟುಹೋದ ನೂರು ಗಿಡ ಇಪ್ಪತ್ತು ವಾರಕ್ಕೆ ಲಕ್ಷ ದಾಟುತ್ತದೆ. ಚದರ ಮೀಟರಿಗೆ ನಲವತ್ತರಂತೆ ಹಿಡಿದರೆ ಅರ್ಧ ಎಕರೆಗೂ ಹೆಚ್ಚು. ಆದ್ದರಿಂದ ಗುತ್ತಿಗೆಯ ಕರಾರಿನಲ್ಲೇ ಆರು ತಿಂಗಳ ಕಾವಲು ಸೇರಿಸಿ, ಕೊನೆಯ ಕಂತಿನ ಹಣವನ್ನು ಅದಕ್ಕೆ ಕಟ್ಟಿಹಾಕಿ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಹರಿಗೋಲಿನಲ್ಲಿ ಅಂಚು ಸುತ್ತಿ, ಜೊಂಡು, ಆಪು ಬೆಳೆದ ಕಡೆ ಕೈಹಾಕಿ ನೋಡಬೇಕು. ಮೀನಿನ ಗುತ್ತಿಗೆಯವರೇ ಈ ಕೆಲಸಕ್ಕೆ ತಕ್ಕವರು, ದಿನವೂ ನೀರಿನಲ್ಲಿರುವವರು ಅವರೇ.

ಬೀಜದ ಕತೆ ಇನ್ನೂ ಉದ್ದ. ಹೂ ಬಾಡಿದ ಮೇಲೆ ದಂಟು ಬಾಗಿ ನೀರಿಗಿಳಿಯುತ್ತದೆ, ಬೀಜ ಕೆಸರು ಸೇರಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದಿರಬಲ್ಲದು. ಹಾಸು ಹೋಗಿ ಬಿಸಿಲು ಬಿದ್ದಾಗ, ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಒದ್ದೆ ಕೆಸರಿನಲ್ಲಿ ಮೊಳೆಯುತ್ತದೆ. ಆ ಮೊಳಕೆ ಹಯಸಿಂತ್‌ನಂತೆ ಕಾಣುವುದೇ ಇಲ್ಲ: ಉಬ್ಬಿಲ್ಲ, ಗುಂಡೆಲೆಯಿಲ್ಲ, ಹುಲ್ಲಿನಂಥ ತೆಳು ಪಟ್ಟಿಯೆಲೆಗಳು ಕೆಸರಿಗೆ ಬೇರೂರಿ ನಿಂತಿರುತ್ತವೆ. ಹುಲ್ಲೆಂದು ಬಿಟ್ಟರೆ ಕೆಲವು ವಾರಗಳಲ್ಲಿ ತುದಿ ಅಗಲವಾದ ಎಲೆ ಬರುತ್ತದೆ, ತೊಟ್ಟು ಊದುತ್ತದೆ, ಮುಂಗಾರಿನ ನೀರು ಏರಿದ ದಿನ ಬೇರು ಸಡಿಲಿಸಿಕೊಂಡು ತೇಲುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಆ ಕೆಸರಂಚಿನಲ್ಲಿ ಸಾಲಾಗಿ ನಡೆದು, ಪಟ್ಟಿಯೆಲೆಯ ಮೊಳಕೆಗಳನ್ನು ಬೆರಳಿನಿಂದ ಕಿತ್ತು ಬುಟ್ಟಿಗೆ ಹಾಕಿ ಏರಿಯಾಚೆ ಒಣಗಿಸಬೇಕು. ಕೊಳಚೆಯ ಬಾಯಿ ಮುಚ್ಚಿದ ಕೆರೆಯಲ್ಲೂ ಇದನ್ನು ಹಲವು ಬೇಸಿಗೆ ಮಾಡಬೇಕಾಗುತ್ತದೆ.